ಅಪ್ಪನ ಹೆಸರಿನ ಡಬ್ಬಿ

ಅಪ್ಪನಿಗೆ,

ನೀವು ಫೋನ್ ಎತ್ತುತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಕೆಮ್ಮಿನ ಪರೀಕ್ಷೆಗೆಂದು ಆಸ್ಪತ್ರೆಗೆ ಕಳಿಸಿದ್ದ ನಿಮ್ಮ ಹೆಸರಿನ ಡಬ್ಬಿಯ ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿದೆ ಎಂದು ನಿನ್ನೆ ತಿಳಿಸಿದಾಗ ನೀವು ನಕ್ಕಿರಿ. "ಅದು ನಂದಲ್ಲ ಕಣೇ! ನಂಗೆ ಆ ಕಾಯಿಲೆ ಅಂದ್ರೆ ನಾಲ್ಕು ಜನ ಆಡ್ಕೋತಾರೆ ಅಂತ ನಿಮ್ಮಮ್ಮನ ಕೈಲಿ ಉಗುಳಿಸಿ ಕಳಿಸ್ದೆ" ಎಂದಿರಿ. ಆ ನಗು ಅರ್ಧಕ್ಕೇ ನಿಂತಿತು.

ಏನು ಹೇಳಲಿ ನಿಮಗೆ? ಅಮ್ಮ ಕೆಮ್ಮಿದಾಗಲೆಲ್ಲ "ಒಗ್ಗರಣೆ ಘಾಟು ಕಣೇ" ಎನ್ನುತ್ತಿದ್ದಳು. ನಾನೂ ನಂಬಿದ್ದೆನಲ್ಲ, ನನಗಾದರೂ ಬುದ್ಧಿ ಎಲ್ಲಿತ್ತು?

ಸೋಮವಾರ ಇಬ್ಬರೂ ಆಸ್ಪತ್ರೆಗೆ ಬನ್ನಿ. ಅಮ್ಮ ಆರು ತಿಂಗಳು ಮಾತ್ರೆ ನುಂಗಬೇಕು, ಒಂದು ದಿನವೂ ತಪ್ಪಿಸುವಂತಿಲ್ಲ. ನಿಮಗೆ ಹೊಸ ಡಬ್ಬಿ ಕೊಡುತ್ತಾರೆ. ಈ ಸಲ ನನ್ನೆದುರೇ ಕೆಮ್ಮಬೇಕು.

ಅಮ್ಮನಿಗೆ ವಿಷಯ ನೀವೇ ಹೇಳಿ. ಇದೊಂದನ್ನಾದರೂ ಬೇರೆಯವರ ಕೈಲಿ ಮಾಡಿಸಬೇಡಿ.

ಇನ್ನೂ ಸಿಟ್ಟಿನಲ್ಲಿರುವ,
ನಿಮ್ಮ ಹಿರಿಮಗಳು