ಬಿದಿರು ಎಳೆದ ಹಲ್ಲು

ಮಂಗಳವಾರ, ಹನ್ನೆರಡನೇ ತಾರೀಖು.

ಕಾಣೆಯಾದ ಮಗಳನ್ನು ಹುಡುಕಿಕೊಂಡು ಬಂದಿದ್ದ ಆ ತಾಯಿ ನಗುತ್ತಾ ಹೋದದ್ದು ಕಣ್ಣಿಂದ ಮರೆಯಾಗುತ್ತಿಲ್ಲ.

ಹಳ್ಳದಲ್ಲಿ ಸಿಕ್ಕಿದ್ದು ತಲೆಬುರುಡೆ ಮತ್ತು ದವಡೆ ಮಾತ್ರ. ಶವಾಗಾರದಲ್ಲಿ ತೊಳೆದು ಒಣಗಿಸಿದವಳು ನಾನೇ. ಮುಂದಿನ ಹಲ್ಲುಗಳು ಅರ್ಧಕ್ಕೆ ಸವೆದಿದ್ದವು. ಡಾಕ್ಟರು ಹಲ್ಲಿನ ಸವೆತದಿಂದ ವಯಸ್ಸು ಅಂದಾಜಿಸುವ ಪಟ್ಟಿಯಲ್ಲಿನ ಚಿತ್ರಗಳಿಗೆ ಹೋಲಿಸಿ ನೋಡಿ, "ನಿಮ್ಮ ಮಗಳಿಗೆ ಇಪ್ಪತ್ತೆರಡು ಅಂದ್ರಲ್ಲ ಅಮ್ಮಾ, ಇದು ಐವತ್ತು ದಾಟಿದ ಹೆಂಗಸಿಂದು" ಎಂದರು. ಆ ಪಟ್ಟಿ ದೂರದ ಯಾವುದೋ ದೇಶದವರ ಹಲ್ಲು ನೋಡಿ ಮಾಡಿದ್ದೆಂದು ಅವರೇ ಒಮ್ಮೆ ಹೇಳಿದ್ದರು.

ತಾಯಿ ನನ್ನ ಗಲ್ಲ ಹಿಡಿದು, "ಕೇಳಿದ್ಯಾ ಮಗಳೇ? ನನ್ನ ಕೂಸು ಎಲ್ಲೋ ಇದ್ದಾಳೆ!" ಎಂದಳು. ಅವಳ ಬೆರಳ ತುಂಬ ಬಿದಿರಿನ ಸಿಬಿರು ಚುಚ್ಚಿದ ಗಾಯಗಳು. ನಮ್ಮ ಅಕ್ಕನ ಬೆರಳುಗಳೂ ಹಾಗೇ. ಬುಟ್ಟಿ ಹೆಣೆಯುವಾಗ ಬಿದಿರಿನ ಸೀಳನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಾಳೆ. ಅವಳಿಗಿನ್ನೂ ಇಪ್ಪತ್ತಾರು, ಹಲ್ಲು ಮಾತ್ರ ಆ ದವಡೆಯಲ್ಲಿದ್ದ ಹಾಗೆಯೇ ಸವೆದಿವೆ.

ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ತಾಯಿಯ ಆಸೆ ಮುರಿಯಬಾರದೆಂದು ಅಲ್ಲ. ನಿನಗೆ ಹೇಗೆ ಗೊತ್ತು ಎಂದು ಡಾಕ್ಟರು ಕೇಳಿದರೆ ನಮ್ಮ ಮನೆಯ ಕೆಲಸ ಹೇಳಬೇಕಾಗುತ್ತಿತ್ತು. ಅಕ್ಕ ಬಟ್ಟೆ ಅಂಗಡಿಯಲ್ಲಿದ್ದಾಳೆ ಎಂದು ಶವಾಗಾರದಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೇನೆ.

ಊಟಕ್ಕೆ ಕೂತಾಗ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ.

"ಅಯ್ಯೋ, ಸತ್ತಮೇಲೆ ನನ್ನನ್ನೂ ಅಜ್ಜಿ ಮಾಡಿಬಿಡ್ತಾರಾ?" ಎಂದು ನಕ್ಕಳು. ಆಮೇಲೆ ತಟ್ಟೆ ಸರಿಸಿ, "ನಾಳೆ ನಾನೇ ಬಂದು ಡಾಕ್ಟರಿಗೆ ಬಾಯಿ ತೋರಿಸ್ತೀನಿ. ನಿನಗೆ ಮುಜುಗರ ಆದ್ರೆ ಅಕ್ಕ ಅನ್ಬೇಡ ಕಣೇ. ಯಾರೋ ಪಕ್ಕದ ಬೀದಿಯವಳು ಅನ್ನು" ಎಂದಳು.

ನಾನು ಹೂಂ ಎಂದುಬಿಟ್ಟೆ.

ಹಾಗಲ್ಲ ಅಕ್ಕಾ ಎನ್ನೋಣವೆಂದರೆ ಈಗ ಮಲಗಿಬಿಟ್ಟಿದ್ದಾಳೆ. ಎಬ್ಬಿಸಲೇ, ಅಥವಾ ಬೆಳಿಗ್ಗೆ ಡಾಕ್ಟರ ಮುಂದೆಯೇ ಇವಳು ನನ್ನ ಅಕ್ಕ ಎನ್ನಲೇ?