ನನಗೆ ಬಂದಿದ್ದ ವಚನ

ಕೌಲ್ ಬಜಾರ್, ಬಳ್ಳಾರಿ
12 ಫೆಬ್ರುವರಿ 1974

ಕರ್ತನಲ್ಲಿ ಪ್ರಿಯಳಾದ ತಂಗಿ ಕರುಣಾಳಿಗೆ, ನಿನ್ನ ಅಕ್ಕ ಮನಸಾರೆ ಹರಸಿ ಬರೆಯುವುದೇನೆಂದರೆ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಪುರುಸೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಭಾವ ತೀರಿಕೊಂಡ ಮೇಲೆ ನನಗೆ ಪುರುಸೊತ್ತೇ ಪುರುಸೊತ್ತು. ಎದುರು ಅಂಗಡಿಯವರು ಕೊಡುವ ಪ್ಯಾಂಟುಗಳಿಗೆ ಕಾಜಾ ಹೊಲಿದರೆ ದಿನ ಮುಗಿಯಿತು. ಬರೆಯಲು ಧೈರ್ಯ ಇರಲಿಲ್ಲ, ಅಷ್ಟೆ.

ಕುರುಗೋಡಿನ ಆಶೀರ್ವಾದಪ್ಪ ಮಾಸ್ತರು ನಿನ್ನನ್ನು ಮದುವೆಗೆ ಕೇಳಿದ್ದಾರೆ, ಇದೇ 17ರ ಭಾನುವಾರ ಉತ್ತರ ಹೇಳಬೇಕು ಎಂದು ಬರೆದಿದ್ದೀಯ. ಹೆಂಡತಿಯನ್ನು ಕಳೆದುಕೊಂಡ ಸಭ್ಯ ಮನುಷ್ಯ. ನಿನಗೂ ಅವರ ಮೇಲೆ ಮನಸ್ಸಿದೆ. ಅದನ್ನು ನೀನು ಬರೆದಿಲ್ಲ, ಆದರೆ ಒಂದು ಕಾಗದದಲ್ಲಿ ಅವರ ಹೆಸರು ಏಳು ಸಲ ಬಂದಿದೆ, ಕರ್ತನ ಹೆಸರು ಎರಡೇ ಸಲ. ಆದರೂ ಒಲ್ಲೆ ಎನ್ನುತ್ತೀಯಂತೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೇವರು ವಚನ ಕೊಟ್ಟು ಕರೆದ, ಈಗ ಸಿರುಗುಪ್ಪದ ಬೋರ್ಡಿಂಗಿನ ಹುಡುಗಿಯರನ್ನು ಬಿಟ್ಟು ಮನೆ ಕಟ್ಟಿಕೊಂಡರೆ ಆ ಕರೆಗೆ ಬೆನ್ನು ತಿರುಗಿಸಿದಂತೆ ಎಂಬುದು ನಿನ್ನ ಹೆದರಿಕೆ. ನನ್ನ ಅಭಿಪ್ರಾಯ ಕೇಳಿದ್ದೀಯ. ಅದು ಆಮೇಲೆ. ಮೊದಲು ನಡೆದದ್ದು ಹೇಳಿಬಿಡುತ್ತೇನೆ.

1958ರ ಹೊಸ ವರ್ಷದ ಬೆಳಿಗ್ಗೆ ನೆನಪಿಸಿಕೋ. ಆರಾಧನೆ ಮುಗಿಸಿ ಮನೆಗೆ ಬಂದಿದ್ದೆವು. ಅಪ್ಪ ಪ್ರತಿ ವರ್ಷದಂತೆ ಚೀಟಿಗಳಲ್ಲಿ ಬೈಬಲಿನ ವಚನ ಬರೆದು ಹಿತ್ತಾಳೆ ತಟ್ಟೆಯಲ್ಲಿ ಬೋರಲು ಹಾಕಿದ್ದರು. ಒಬ್ಬೊಬ್ಬರು ಒಂದೊಂದು ಎತ್ತಿ, ನೋಡದೆ ಕೀರ್ತನೆ ಪುಸ್ತಕದೊಳಗೆ ಇಡಬೇಕು. ಪ್ರಾರ್ಥನೆಯಾದ ಮೇಲೆ ಗಟ್ಟಿಯಾಗಿ ಓದಬೇಕು. ಬಂದ ವಚನವೇ ಆ ವರ್ಷಕ್ಕೆ ದೇವರು ನಮಗೆ ಹೇಳಿದ ಮಾತು. ಚೀಟಿ ಎತ್ತಿಟ್ಟು ನೀನು ಪಕ್ಕದ ಮನೆಯ ಎಲ್ಲಮ್ಮನಿಗೆ ಕಜ್ಜಾಯ ಕೊಡಲು ಹೋದೆ. ಅಪ್ಪ ಹಿತ್ತಿಲಲ್ಲಿದ್ದರು. ನಾನು ತಡೆಯಲಾರದೆ ನನ್ನ ಚೀಟಿ ನೋಡಿದೆ. ನನಗಾಗಿ ಹೋಗುವವರು ಯಾರು ಎಂದು ದೇವರು ಕೇಳುವ ವಚನ. ತಟ್ಟನೆ ಚೀಟಿ ಮಡಿಸಿ ಮುಷ್ಟಿಯೊಳಗೆ ಮುಚ್ಚಿಕೊಂಡೆ.

ಯಾಕೆಂದರೆ ಹಿಂದಿನ ವಾರವೇ ಮಿಷನ್‌ನವರು ಅಪ್ಪನ ಹತ್ತಿರ ಬಂದು, ಸಿರುಗುಪ್ಪದ ಬೋರ್ಡಿಂಗಿಗೆ ಮದುವೆಯಾಗದ ಒಬ್ಬ ಹೆಣ್ಣುಮಗಳು ಬೇಕು ಎಂದಿದ್ದರು. ಅತ್ತ ನಿನ್ನ ಭಾವನ ಮನೆಯಿಂದ ನನ್ನನ್ನು ಕೇಳಿದ್ದರು. ನನಗೆ ಅವರೆಂದರೆ ಜೀವ. ಆ ಚೀಟಿ ಓದಿದ್ದರೆ ಅಪ್ಪ ಮದುವೆ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ನಿನ್ನ ಪುಸ್ತಕ ತೆರೆದೆ. ಊಟಕ್ಕೆ ಕುಳಿತವರ ಸುತ್ತ ಮಕ್ಕಳು ತುಂಬಿರುವ ಮನೆಯ ವಚನ ನಿನ್ನದು. ಎರಡನ್ನೂ ಅದಲುಬದಲು ಮಾಡಿ, ಏನೂ ಅರಿಯದವಳಂತೆ ಸೆರಗು ಸರಿಮಾಡಿಕೊಂಡು ಕೂತೆ.

ನೀನು ಓದಿದಾಗ ಅಪ್ಪ ಅತ್ತುಬಿಟ್ಟರು. “ದೇವರು ಕರದಾನವ್ವ, ಇನ್ನ ನಾ ಹೆಂಗ ಹಿಡಕೊಳ್ಳಲಿ?” ಅಂದರು. ನೀನು ಟ್ರಂಕು ತುಂಬಿದೆ. ಸೀರೆ ಮಡಿಸಿ ಕೊಟ್ಟವಳು ನಾನು.

ಅಂದಿನಿಂದ ಸಭೆಯಲ್ಲಿ ಯಾರಾದರೂ ನಿನ್ನ ಕರೆಯ ವಿಷಯ ಎತ್ತಿದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡಿದ್ದೇನೆ. ಕದ್ದ ವಚನ ನನಗೆ ದಕ್ಕಲಿಲ್ಲ. ನಮ್ಮ ಮನೆಯಲ್ಲಿ ಕೊನೆಯವರೆಗೂ ಊಟಕ್ಕೆ ಎರಡೇ ತಟ್ಟೆ. ಇದು ಶಿಕ್ಷೆ ಎಂದು ನಾನು ಅತ್ತರೆ ನಿನ್ನ ಭಾವ, “ದೇವರು ನಿನ್ನಂಗ ಸೇಡಿಟ್ಟುಕೊಳ್ಳಾಂವ ಅಲ್ಲ ಬಿಡು” ಎಂದು ನಗಿಸುತ್ತಿದ್ದರು. ಈ ಗುಟ್ಟು ಗೊತ್ತಿದ್ದದ್ದು ಅವರೊಬ್ಬರಿಗೇ. ಅಪ್ಪ ಕಣ್ಣು ಮುಚ್ಚುವವರೆಗೂ ಅಪ್ಪನಿಗೆ ಹೇಳಲಿಲ್ಲ.

ಹೋದ ಜೂನ್‌ನಲ್ಲಿ ನಿನ್ನ ಮುಂದೆ ಎಲ್ಲ ಹೇಳಿಬಿಡಬೇಕೆಂದೇ ಸಿರುಗುಪ್ಪದ ಬಸ್ಸು ಹತ್ತಿದ್ದೆ. ಅಂದೇ ಗಾದೆಪ್ಪ ಎಂಬ ಕೂಲಿಯವನು ತಾಯಿಯಿಲ್ಲದ ಮಗಳನ್ನು ನಿನ್ನಲ್ಲಿ ಬಿಟ್ಟುಹೋಗಿದ್ದ. ಆ ಹುಡುಗಿ ಬಾಗಿಲು ಹಿಡಿದು ನಿಂತಿತ್ತು, ಊಟ ಬೇಡ, ಮಾತು ಬೇಡ. ನೀನು ಕರೆಯಲೂ ಇಲ್ಲ, ಗದರಲೂ ಇಲ್ಲ. ಹೊಸ್ತಿಲ ಮೇಲೆ ಅದರ ಪಕ್ಕ ಕೂತು ನಿನ್ನ ಪಾಡಿಗೆ ರೊಟ್ಟಿ ತಿನ್ನತೊಡಗಿದೆ. ಎಷ್ಟೋ ಹೊತ್ತಿನ ಮೇಲೆ ಅದೂ ಕೂತಿತು, ನಿನ್ನ ತಟ್ಟೆಗೆ ಕೈ ಹಾಕಿತು.

ನಾನು ಬಾಯಿ ಬಿಡದೆ ಮರುದಿನ ವಾಪಸಾದೆ. ಹೆದರಿ ಅಲ್ಲ ಕರುಣಾ. ಹೊಟ್ಟೆಕಿಚ್ಚಿನಿಂದ. ಅಷ್ಟು ವರ್ಷ ನಿನ್ನ ಸಂಸಾರ ಕದ್ದೆ ಎಂದು ಕೊರಗಿದ್ದೆ. ಅಂದು ನನ್ನ ಕೆಲಸವನ್ನು ನಾನೇ ನಿನಗೆ ಕೊಟ್ಟುಬಿಟ್ಟಿದ್ದೇನೆ ಎಂದು ಗೊತ್ತಾಯಿತು.

ಈಗ ಅಭಿಪ್ರಾಯ. ಆ ಚೀಟಿ ನಿನ್ನದಲ್ಲ, ಆದ್ದರಿಂದ ಅದರ ಹೆಸರಿನಲ್ಲಿ ಮಾಸ್ತರಿಗೆ ಒಲ್ಲೆ ಎನ್ನಬೇಡ. ಹಾಗೆಂದು ಹದಿನಾರು ವರ್ಷ ಸುಳ್ಳಾಯಿತು ಎಂದೂ ಅಳಬೇಡ. ಆ ಮಗು ಚೀಟಿ ನೋಡಿ ನಿನ್ನ ತಟ್ಟೆಗೆ ಕೈ ಹಾಕಲಿಲ್ಲ. ನನ್ನಂಥವಳ ಕೈಚಳಕಕ್ಕೆ ದೇವರು ಮೋಸಹೋಗುತ್ತಾನೆಯೇ? ಅವನು ಒಂದು ಸಲ ಕರೆದು ಸುಮ್ಮನಾಗುವವನಲ್ಲ ಎಂದು ನನಗೀಗ ತೋರುತ್ತದೆ. ಮೊಣಕಾಲೂರಿ ಅವನನ್ನೇ ಕೇಳು. ಆಮೇಲೆ ಧೈರ್ಯವಾಗಿ ನಿನ್ನ ಮನಸ್ಸನ್ನೂ ಕೇಳು.

ನನ್ನನ್ನು ಕ್ಷಮಿಸು. ಆಗದಿದ್ದರೆ ಆಗುವವರೆಗೆ ಕಾಯುತ್ತೇನೆ.

ನಿನ್ನ ತಪ್ಪಿತಸ್ಥ ಅಕ್ಕ,
ಪ್ರಸನ್ನಮ್ಮ

ತಾ.ಕ.: ನೀನು ಕುರುಗೋಡಿಗೆ ಹೊರಟರೆ ಹುಡುಗಿಯರಿಗೆ ಯಾರು ದಿಕ್ಕು ಎಂಬ ಚಿಂತೆ ನಿನಗೆ ಬಂದೇ ಬರುತ್ತದೆ. ಮೂವತ್ತೆಂಟರ ವಿಧವೆ, ಏಳನೆಯ ತರಗತಿ ಓದಿದ್ದಾಳೆ, ರೊಟ್ಟಿ ಬಡಿಯುತ್ತಾಳೆ, ಹರಿದ ಲಂಗ ಹೊಲಿಯುತ್ತಾಳೆ, ಆದೀತೇ ಎಂದು ಮಿಷನ್‌ನವರನ್ನು ಕೇಳಿ ನೋಡು. ನಿನ್ನನ್ನು ಮದುವೆಗೆ ತಳ್ಳಿ ಜಾಗ ಹಿಡಿಯಲು ಅಕ್ಕ ಇಷ್ಟೆಲ್ಲ ಬರೆದಳು ಅನ್ನಿಸಿದರೆ, ಅದು ಪೂರ್ತಿ ಸುಳ್ಳೂ ಅಲ್ಲ. ನೀನು ಅಲ್ಲೇ ಉಳಿದರೂ ಬರುತ್ತೇನೆ, ನಿನ್ನ ಕೈಕೆಳಗೆ ಇರುತ್ತೇನೆ. ಅಂದು ದೇವರು ಕೇಳಿದ್ದು ನನ್ನನ್ನು. ಹೂಂ ಅನ್ನಲು ಹದಿನಾರು ವರ್ಷ ಹಿಡಿಯಿತು.