ಓರ್ಸೊಲಾಳ ಎಡಗೈ

ಏಪ್ರಿಲ್ ೧೧, ೧೯೦೯. ಈಸ್ಟರ್ ಭಾನುವಾರ

ಮತ್ತೆ ಎಂಜಿನ್ನಿನ ಬೆಲ್ಟ್ ಜಾರಿತು. ರಾಳದ ಪುಡಿ ಉದುರಿಸಿ ಬಿಗಿದೆ. ತಳ್ಳಿಕೊಂಡು ಓಡಿ, ಹಾರಿ ಕೂತೆ — ಹೊರಟೇಬಿಟ್ಟಿತು! ನನ್ನದೇ ಮೋಟಾರ್ ಸೈಕಲ್! ಚೌಕದ ಸುತ್ತ ಒಂದು ಸುತ್ತು. ನಿಲ್ಲಿಸುವುದು ಹೇಗೆಂಬುದೇ ತಲೆಯಿಂದ ಹಾರಿಹೋಯಿತು. ಚರ್ಚಿನಿಂದ ಜನ ಹೊರಬರುವ ಹೊತ್ತು ಬೇರೆ. ಸುತ್ತಿದೆ, ಸುತ್ತಿದೆ... ಕೊನೆಗೆ ಹುಲ್ಲಿನ ಬಂಡಿಗೆ ನುಗ್ಗಿದೆ.

ಅಪ್ಪ ಬಾಡಿಗೆ ಕುದುರೆಗಾಡಿಯವನು. ಊರೆದುರೇ ಕೇಳಿದ: "ಕುದುರೆಗೆ ಹೋ ಅಂದ್ರೆ ನಿಲ್ಲುತ್ತೆ. ನಿನ್ನ ಈ ದೆವ್ವಕ್ಕೆ ಏನನ್ಬೇಕಪ್ಪಾ, ಎಲ್ವಿಯೊ?"

ಏಪ್ರಿಲ್ ೧೫

ಹಳ್ಳ ದಾಟುವಾಗ ಹೊಗೆಪೈಪಿಗೆ ನೀರು ಹೋಗುತ್ತದೆ. ಅದನ್ನು ಹಿಂದಕ್ಕೆ, ಮೇಲಕ್ಕೆ ಬಾಗಿಸಿದೆ. ಚೆನ್ನಾಗಿ ಬಂದಿದೆ. ಅಕ್ಕ ನೀವೆಸ್ ಹೊಟ್ಟೆ ಹಿಡಿದುಕೊಂಡು ನಕ್ಕಳು — "ಬಾಲ ಎತ್ತಿದ ಬೆಕ್ಕು ಕಣೋ ಇದು!" ಭಾವ ಬವೇರಿಯಾದ ಇಟ್ಟಿಗೆಗೂಡಿನಲ್ಲಿ ಕೆಲಸಕ್ಕಿದ್ದಾನೆ. ಹೆರಿಗೆ ಆಗುವವರೆಗೆ ಅಕ್ಕ ನಮ್ಮಲ್ಲೇ.

ಏಪ್ರಿಲ್ ೨೯, ಸಂಜೆ

ಬರೆದರಾದರೂ ಸಮಾಧಾನವಾದೀತೇನೋ...

ಬೆಳಿಗ್ಗೆ ನೀವೆಸ್‌ಗೆ ನೋವು ಬಂತು. ದಿನ ತುಂಬಿರಲಿಲ್ಲ. ಮಗುವಿನ ಕಾಲು ಮೊದಲು ಬಂತಂತೆ. ಅಮ್ಮನ ಮುಖ ಸುಣ್ಣವಾಗಿತ್ತು. ಅಪ್ಪ ಗಾಡಿ ಕಟ್ಟಿಕೊಂಡು ರೈಲ್ವೆ ಸ್ಟೇಷನ್ನಿಗೆ ಹೋಗಿದ್ದ. ಸೂಲಗಿತ್ತಿ ಓರ್ಸೊಲಾ ಇರುವುದು ಗುಡ್ಡದಾಚೆ.

ಮೋಟಾರ್ ಸೈಕಲ್ಲಿನಲ್ಲಿ ಹೋದೆ. ಹಿಟ್ಟು ನಾದುತ್ತಿದ್ದಳು. ಕೈ ಒರೆಸಿಕೊಂಡು ಬಂದು ಗಾಡಿಯನ್ನು ನೋಡಿದಳು.

"ಇದರ ಮೇಲಾ? ನನ್ನ ಗಾತ್ರ ನೋಡಿದ್ದೀಯಾ? ಎಲ್ಲಿ ಹಿಡ್ಕೊಳ್ಳಲಿ?"

"ಸಿಕ್ಕಿದ್ದು ಹಿಡ್ಕೊಳ್ಳಿ, ಅಮ್ಮಾ!"

ತಿರುಗಿಯೂ ನೋಡಲಿಲ್ಲ ನಾನು.

ದಾರಿಯುದ್ದಕ್ಕೂ ಮಾತೆ ಮರಿಯಳನ್ನು ಕೂಗಿ ಕರೆಯುತ್ತಲೇ ಇದ್ದಳು. ಹಳ್ಳದಲ್ಲಿ ಹಿಂದಿನ ಚಕ್ರ ಜಾರಿತು. ಪ್ರಾರ್ಥನೆ ಗಕ್ಕನೆ ನಿಂತಿತು. ಮರುಕ್ಷಣ ಇನ್ನೂ ಜೋರಾಗಿ ಶುರುವಾಯಿತು. ವೇಗಕ್ಕೆ ಹೆದರಿದಳು ಅಂದುಕೊಂಡೆ.

ಮನೆ ಮುಟ್ಟಿದ್ದೇ ಒಳಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಹೊತ್ತೋ... ಮಗು ಅತ್ತಿತು. ಹೆಣ್ಣು. ಇಬ್ಬರೂ ಉಳಿದರು.

ಆಮೇಲೆ ಹೊರಬಂದು ಜಗಲಿಯಲ್ಲಿ ಕೂತು, "ಸ್ವಲ್ಪ ಎಣ್ಣೆ ತಾ" ಅಂದಳು. ಎಡ ಅಂಗೈ ಬಿಚ್ಚಿದಳು. ಚರ್ಮವೇ ಇರಲಿಲ್ಲ. ಕಾದ ಹೊಗೆಪೈಪು! ಜಾರಿದಾಗ ಸಿಕ್ಕಿದ್ದು ಅದೇ.

"ಯಾಕಮ್ಮಾ ಹೇಳಲಿಲ್ಲ?"

"ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ."

ಎಣ್ಣೆ ತರಲು ಒಳಗೆ ಓಡಿದೆ.

ಏಪ್ರಿಲ್ ೩೦

ಅಪ್ಪನಿಗೆ ಎಲ್ಲ ಗೊತ್ತಾಯಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಓರ್ಸೊಲಾಳನ್ನು ಅಮ್ಮ ಅವಳ ಮನೆಗೆ ಹೋಗಲು ಬಿಡುತ್ತಿಲ್ಲ, ಗಾಯ ಮಾಗುವವರೆಗೆ ಇಲ್ಲೇ. ಗಾಡಿಯ ಬೆಲ್ಟ್ ಬಿಚ್ಚಿಟ್ಟೆ. ಮಾರಿಬಿಡುತ್ತೇನೆ.

ಮೇ ೧೮

ಡಾಕ್ಟರು ಹೇಳಿಹೋದರು — ಓರ್ಸೊಲಾಳ ಎಡಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಓರ್ಸೊಲಾಳೇ ಕರೆದಳು.

"ಗಾಡಿ ಮಾರ್ತೀಯಂತೆ?"

"ಹೂಂ."

"ಮಂಕೇ! ಬಲಗೈ ಇದೆಯಲ್ಲೋ. ಎಡಗೈ ಕೆಲಸಕ್ಕೆ ತಂಗಿ ಮಗಳನ್ನ ಕರ್ಕೋತೀನಿ. ಕಾಲಿಗೇನು ಮಾಡ್ಲಿ? ಈ ಮಂಡಿ ಇಟ್ಕೊಂಡು ಗುಡ್ಡ ಹತ್ತೋಕಾಗಲ್ಲ. ಎರಡು ವರ್ಷದ ಹಿಂದಿನ ಚಳಿಗಾಲ ಗಿರಣಿಯವನ ಮೊದಲ ಸೊಸೆ, ಹೆರಿಗೆಗೆ ನಾನು ಹೋಗಿ ಮುಟ್ಟೋ ಹೊತ್ತಿಗೆ ತಣ್ಣಗಾಗಿದ್ಳು. ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ.

ಮೇ ೨೧

ಹೊಗೆಪೈಪು ಕೆಳಗಿಳಿಸಿ ತಗಡಿನ ಕವಚ ಹಾಕಿದೆ. ಹಿಂದೆ ಮರದ ಹಿಡಿ ಕೂರಿಸಿದೆ. ಮಧ್ಯಾಹ್ನ ಬಂದು ನೋಡಿದರೆ ಹಿಡಿಗೆ ಯಾರೋ ತೊಗಲು ಹೊಲಿದಿದ್ದಾರೆ. ಕುದುರೆಯ ಲಗಾಮಿಗೆ ಹಾಕುವಂಥ ಹೊಲಿಗೆ! ಅಪ್ಪ ಅತ್ತ ಮುಖ ಮಾಡಿ ತಂಬಾಕಿನ ಪೈಪ್ ಸೇದುತ್ತಿದ್ದ.

ಮೇ ೨೬, ಬೆಳಿಗ್ಗೆ

ಗಿರಣಿಯವನೇ ಏದುಸಿರು ಬಿಡುತ್ತ ಬಂದಿದ್ದಾನೆ. ಈಗಿನ ಸೊಸೆಗೆ ನೋವು ಶುರುವಾಗಿದೆ. ತಂಗಿ ಮಗಳು ಅಲ್ಲಿಗೇ ಬರುತ್ತಾಳಂತೆ. ಬೆಲ್ಟ್ ಹಾಕಿದ್ದಾಯಿತು, ಪೆಟ್ರೋಲ್ ಇದೆ. ನನಗೆ ಮಾತ್ರ ಧೈರ್ಯ ಸಾಲುತ್ತಿಲ್ಲ, ಅದಕ್ಕೇ ಇಲ್ಲಿ ಕೂತು ಗೀಚುತ್ತಿದ್ದೇನೆ. ಅಂಗಳದಿಂದ ಓರ್ಸೊಲಾಳ ಕೂಗು — "ಲೋ, ಮಗು ಕಾಯಲ್ಲ!" ಬ್ಯಾಂಡೇಜ್ ಕೈಯನ್ನು ಎದೆಗವಚಿಕೊಂಡು ಆಗಲೇ ಹತ್ತಿ ಕೂತಿದ್ದಾಳೆ. ಅಪ್ಪ ಗಾಡಿಯನ್ನು ಹಿಂದಿನಿಂದ ತಳ್ಳಲು ನಿಂತಿದ್ದಾನೆ. ಹೊರಟೆ —